ದೊರೆಸಾನಿ ಕುಬಸದ ಕೊರಳು

ಚಳಿಗಾಲದ ಬೆಳಗ್ಗೆ ಯರಗುಪ್ಪಿಯ ಕಡೆ ಹೋದವರು ಗಮನಿಸಿರಬಹುದು, ಅಲ್ಲಿಯ ಹೆಂಗಸರ ಸ್ವೆಟರು ಬೇರೆ ಊರಿನ ಸ್ವೆಟರಿನಂತಿಲ್ಲ. ಸೊಂಟದಲ್ಲಿ ಬಿಗಿ, ಭುಜದಲ್ಲಿ ತುಸು ಉಬ್ಬು, ಎದೆಯ ಮೇಲೆ ಎಲೆ ಎಲೆಯಾಗಿ ಇಳಿಯುವ ಜಾಳಿಗೆ. ಇಷ್ಟೂ ಅಪ್ಪಟ ವಿಲಾಯತಿ. ಕೊರಳಿಗೆ ಬಂದ ಕೂಡಲೇ ಅದು ನಮ್ಮದಾಗಿಬಿಡುತ್ತದೆ. ಮುಂದೆ ಸೀಳು, ಸೀಳಿನ ತುದಿಗೆ ಎರಡು ಕಸೆ, ಕಸೆಗೊಂದು ಗಂಟು, ಥೇಟ್ ಖಣದ ಕುಬಸ, ಅಂದರೆ ನಮ್ಮ ಕಡೆಯ ರವಿಕೆ. ಇಳಕಲ್ ಸೀರೆಯ ಮೇಲೆ ಅದನ್ನು ತೊಟ್ಟು ಕಡಲೆ ಕೀಳಲು ಎರೆಹೊಲಕ್ಕೆ ಹೊರಟವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಊರಲ್ಲಿ ಅದಕ್ಕೆ ದೊರೆಸಾನಿ ಕುಬಸ ಎಂದೇ ಹೆಸರು. ಅದನ್ನು ಹುಟ್ಟುಹಾಕಿದವಳು ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ. ಅದರ ಕೊರಳು ಹಾಗಾಗಲು ಕಾರಣ ನಾನು. ಈ ಎರಡನೆಯ ಸಂಗತಿ ಹೋದ ತಿಂಗಳವರೆಗೆ ನನ್ನೊಬ್ಬಳಿಗೇ ಗೊತ್ತಿತ್ತು.

ನಮ್ಮಜ್ಜ ಅಳ್ನಾವರದ ಸ್ಟೇಶನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ರೈಲ್ವೆ ಮನೆಗಳ ಸಾಲಿನಲ್ಲಿ ಅವರ ಬಾಜು ಇದ್ದದ್ದು ಗೂಡ್ಸ್ ಗಾಡಿಯ ಗಾರ್ಡ್ ಒಬ್ಬರ ಸಂಸಾರ. ಅವರ ಹೆಂಡತಿಯನ್ನು ಎಲ್ಲರೂ ಗಾರ್ಡ್‌ಬಾಯಿ ಎನ್ನುತ್ತಿದ್ದರು. ಗಂಡ ನಾಲ್ಕು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು, ಮಕ್ಕಳಿರಲಿಲ್ಲ. ಹನ್ನೆರಡು ವರ್ಷದ ಚಿಗವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆಕೆ ಉಣ್ಣೆ ಹೆಣೆಯಲು ಕಲಿಸಿದಳು. ಇಂಗ್ಲಿಷಿನಲ್ಲಿ ಚಿಗವ್ವನಿಗೆ ಗೊತ್ತಿರುವುದು ಇವತ್ತಿಗೂ ಎರಡೇ ಅಕ್ಷರ. ‘ಕೆ’ ಅಂದರೆ ಸೂಜಿಯನ್ನು ನೆಟ್ಟಗೆ ಹಾಕುವುದು, ‘ಪಿ’ ಅಂದರೆ ಉಲ್ಟಾ. ನಕ್ಷತ್ರದ ಗುರುತು ಕಂಡರೆ ಮತ್ತೆ ಹಿಂದಿನ ನಕ್ಷತ್ರಕ್ಕೆ ಹೋಗಿ ಮೊದಲಿನಿಂದ ಹೆಣೆಯಬೇಕು. ಇಷ್ಟು ಬಂಡವಾಳದ ಮೇಲೆ ಆಕೆ ಪೂರ್ತಿ ಪುಟ ಓದಿ ಮುಗಿಸುತ್ತಿದ್ದಳು. ನಾನು ಎಂ.ಎ. ಮಾಡಿಯೂ ಆ ಪುಟ ನೋಡಿ ತಲೆ ಕೆರೆದುಕೊಂಡಿದ್ದುಂಟು.

ಗಾರ್ಡಿಗೆ ವರ್ಗವಾದಾಗ ಗಾರ್ಡ್‌ಬಾಯಿ ತನ್ನ ಹೆಣಿಕೆಯ ಮಾಸಪತ್ರಿಕೆಗಳ ಒಂದು ಗಂಟನ್ನೇ ಚಿಗವ್ವನಿಗೆ ಕೊಟ್ಟು ಹೋದಳು. ಅವು ಆಗಲೇ ಹತ್ತು ಹನ್ನೆರಡು ವರ್ಷ ಹಳೆಯವು, ಹಡಗಿನಲ್ಲಿ ಬಂದವು. ಒಳಗೆಲ್ಲ ಕಪ್ಪು-ಬಿಳುಪು ಚಿತ್ರಗಳು. ಹಿಡಿಯಷ್ಟು ಸೊಂಟದ ದೊರೆಸಾನಿಯರು, ಒಬ್ಬಳು ಸೈಕಲ್ ಹಿಡಿದು, ಒಬ್ಬಳು ನಾಯಿ ಹಿಡಿದು, ಒಬ್ಬಳು ಏನೂ ಹಿಡಿಯದೆ ಸುಮ್ಮನೆ ಆಕಾಶ ನೋಡುತ್ತ. ಎಲ್ಲರ ಮೈಮೇಲೂ ಒಂದೊಂದು ಬಗೆಯ ಉಣ್ಣೆಯ ಅಂಗಿ. ಗಾರ್ಡ್‌ಬಾಯಿ ಅವನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಕಟ್ಟಿದ್ದಳು. “ಮೇಲಿನಿಂದ ಒಂದೊಂದೇ ತೆಗೆದು ಮಾಡುತ್ತ ಬಾ, ಕೊನೆಯದು ಮುಗಿಸಿದ ದಿನ ನೀನು ನನ್ನಷ್ಟೇ ಕಲಿತ ಹಾಗೆ” ಎಂದಿದ್ದಳಂತೆ.

ಚಿಗವ್ವ ಅದನ್ನು ಅಕ್ಷರಶಃ ಪಾಲಿಸಿದಳು. ಒಂದು ಪತ್ರಿಕೆ ಮುಗಿಯುವವರೆಗೆ ಕೆಳಗಿನದನ್ನು ಮುಟ್ಟುತ್ತಿರಲಿಲ್ಲ. ಕೈಯಲ್ಲಿದ್ದ ಪತ್ರಿಕೆಯಲ್ಲೂ ಮುಂದಿನ ಪುಟಗಳಿಗೆ ತಲೆಯ ಪಿನ್ನು ಸಿಕ್ಕಿಸಿಟ್ಟು, ಇವತ್ತಿನ ಸಾಲನ್ನಷ್ಟೇ ನೋಡುತ್ತಿದ್ದಳು. “ಮುಂದಿಂದ ಕಂಡ್ರ ಕೈ ಅವಸರಾ ಮಾಡತೈತಿ” ಎನ್ನುವುದು ಆಕೆಯ ವಾದ. ಮದುವೆಯಾಗಿ ಯರಗುಪ್ಪಿಗೆ ಬಂದಾಗ ಸೀರೆಯ ಟ್ರಂಕಿನಲ್ಲಿ ಆ ಗಂಟೂ ಬಂತು. ಹೊಲದ ಕೆಲಸ, ಎಮ್ಮೆ, ಅತ್ತೆ ಎಲ್ಲ ಮುಗಿಸಿ ಮಧ್ಯಾಹ್ನದ ಒಂದು ತಾಸಿನಲ್ಲಿ ಹೆಣೆಯುತ್ತ ವರ್ಷಕ್ಕೆ ಒಂದೋ ಎರಡೋ ಪತ್ರಿಕೆ ಮುಗಿಸುತ್ತಿದ್ದಳು. ಬಣ್ಣ ಮಾತ್ರ ತನ್ನಿಷ್ಟದ್ದು. ಚಿತ್ರದಲ್ಲಿ ಬಣ್ಣವೇ ಇಲ್ಲವಲ್ಲ. ದಾಳಿಂಬೆ ಕೆಂಪಿಗೆ ಹಸಿರು ಅಂಚು, ನೀಲಿಗೆ ಅರಿಶಿನ.

ಆಗ ನಾನು ಆಕೆಯ ಮನೆಯಲ್ಲಿದ್ದೆ. ನನ್ನ ತಾಯಿಗೆ ಒಂದರ ಹಿಂದೊಂದು ಬಾಣಂತನ, ಹಿರಿಯವಳಾದ ನನ್ನನ್ನು ಶಾಲೆಗೆಂದು ಮೂರು ವರ್ಷ ಯರಗುಪ್ಪಿಗೆ ಸಾಗಹಾಕಿದ್ದರು. ನನಗೆ ಒಂಬತ್ತು ವರ್ಷ. ಶಿಸ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಚಿಗವ್ವ ಹಿಟ್ಟಿನ ಗಿರಣಿಗೆ ಹೋದ ಒಂದು ದಿನ ಟ್ರಂಕು ತೆಗೆದು, ಗಂಟನ್ನು ಸಡಿಲಿಸಿ, ನೇರವಾಗಿ ಎಲ್ಲಕ್ಕಿಂತ ಕೆಳಗಿನ ಪತ್ರಿಕೆಗೆ ಕೈ ಹಾಕಿದೆ.

ಅದರ ಮೂರನೆಯ ಪುಟದಲ್ಲಿ ಅವಳಿದ್ದಳು. ತೋಟದ ಗೇಟಿನ ಮೇಲೆ ಒಂದು ಕೈಯಿಟ್ಟು, ನಮಗೆ ಬೆನ್ನು ಮಾಡಿ, ಹೆಗಲ ಮೇಲಿಂದ ತಿರುಗಿ ನೋಡಿ ನಗುತ್ತಿದ್ದಳು. ಕತ್ತಿನ ಹಿಂದೆ ಸಾಲಾಗಿ ಆರು ಸಣ್ಣ ಗುಂಡಿ. ಅಷ್ಟು ಖುಷಿಯಾಗಿ ಯಾರೂ ಹಿಂತಿರುಗಿ ನನ್ನನ್ನು ನೋಡಿರಲಿಲ್ಲ. ಅವಳು ನನಗೆ ಬೇಕಾಗಿತ್ತು, ಅಷ್ಟೇ. ಚಿಗವ್ವ ಗುಂಡಿಮನೆ ಕತ್ತರಿಸಲು ಇಟ್ಟಿದ್ದ ಚೂಪು ಕತ್ತರಿಯಿಂದ ಅವಳ ಸುತ್ತ ನೀಟಾಗಿ ಚೌಕ ಕತ್ತರಿಸಿ ನನ್ನ ಕನ್ನಡ ಪುಸ್ತಕದ ರಟ್ಟಿನೊಳಗೆ ಇಟ್ಟುಕೊಂಡೆ. ಹಿಂಬದಿಯಲ್ಲಿ ಏನೋ ಕೆ, ಪಿ ಎಂದು ಅಂಕಿಗಳಿದ್ದವು. ಅತ್ತ ನೋಡಲೇ ಇಲ್ಲ. ಗಂಟನ್ನು ಮೊದಲಿನಂತೆ ಕಟ್ಟಿದೆ.

ಚಿಗವ್ವ ಆ ಪತ್ರಿಕೆಗೆ ಬರಲು ಮತ್ತೆ ಎರಡು ಚಳಿಗಾಲ ಕಳೆದವು. ಅಷ್ಟರಲ್ಲಿ ನಾನು ಕತ್ತರಿಸಿದ್ದನ್ನು ಹೆಚ್ಚುಕಡಿಮೆ ಮರೆತಿದ್ದೆ, ಚಿತ್ರವೂ ಹಳೆಯ ಕನ್ನಡ ಪುಸ್ತಕದ ಜೊತೆ ಎಲ್ಲೋ ಕಳೆದುಹೋಗಿತ್ತು. ಮೊದಲ ಪುಟದಲ್ಲಿ ಅದೇ ದೊರೆಸಾನಿ ಎದುರು ಮುಖವಾಗಿ ಕೂತ ಚಿತ್ರವಿತ್ತು, ಆದರೆ ಕೊರಳಿಗೆ ರುಮಾಲು ಸುತ್ತಿಕೊಂಡಿದ್ದಳು. ಕೊನೆಯ ಪತ್ರಿಕೆ ಎಂದು ಚಿಗವ್ವ ಹುಬ್ಬಳ್ಳಿಯಿಂದ ಒಳ್ಳೆಯ ಉಣ್ಣೆ ತರಿಸಿ, ಸ್ನಾನ ಮಾಡಿ, ಸೂಜಿಗೆ ಕುಂಕುಮ ಹಚ್ಚಿ ಶುರು ಮಾಡಿದಳು. ತೋಳು ಮುಗಿಯಿತು. ಎದೆ, ಬೆನ್ನು ಕಂಕುಳದವರೆಗೆ ಬಂದವು. ಆಮೇಲೆ ಒಂದು ಮಧ್ಯಾಹ್ನ ಪಿನ್ನು ತೆಗೆದು ಪುಟ ತಿರುವಿದಳು. ಅಲ್ಲಿ ಕಿಟಕಿಯಷ್ಟು ದೊಡ್ಡ ತೂತು.

ಆಕೆ ಪುಟವನ್ನು ಎತ್ತಿ ಹಿಡಿದಳು. ತೂತಿನ ಆಚೆ ಆಕೆಯ ಮುಖ ಕಂಡಿತು. ನಾನು ಪಾಟಿಯ ಮೇಲೆ ಮಗ್ಗಿ ಬರೆಯುತ್ತಿದ್ದೆ, ಬರೆಯುತ್ತಲೇ ಇದ್ದೆ. ಹದಿಮೂರರ ಮಗ್ಗಿಯನ್ನು ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದೆ ಮುಂದುವರಿಸಿದ್ದು ನೆನಪಿದೆ. ಈಗ ಬೈಯುತ್ತಾಳೆ, ಈಗ ಬಾರಿಸುತ್ತಾಳೆ ಎಂದು ಕಾದೆ. ಆಕೆಗೆ ನನ್ನ ಮೇಲೆ ಸಂಶಯವೇ ಬರಲಿಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಹುಡುಗಿ ನಾನು.

“ಎಷ್ಟ ನೀಟಾಗಿ ಕತ್ರಿಸ್ಯಾರ ನೋಡ” ಎಂದಳು ಚಿಗವ್ವ, ತೂತಿನ ಅಂಚು ಸವರುತ್ತ. “ಗಾರ್ಡ್‌ಬಾಯಾರು ಕಡೀದೊಂದು ತಮ್ಮ ಹತ್ರನ ಇಟಗೊಂಡಾರ.”

“ಯಾಕ?” ಎಂದು ಕೇಳುವಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ.

“ಪೂರ್ತಿ ವಿದ್ಯಾ ಯಾರು ಯಾರಿಗಿ ಕೊಡತಾರ? ನವಲಗುಂದದಾಗ ಜಮಖಾನಿ ನೇಯೂ ಹೆಣಮಕ್ಕಳು ಸೊಸಿಗಿ ಕಲಸತಾರ, ಮಗಳಿಗಿ ಕಲಸೂದಿಲ್ಲಂತ. ಮಗಳು ಬ್ಯಾರೆ ಮನಿಗಿ ಹೋಗತಾಳ, ವಿದ್ಯಾನೂ ಹೋಗತೈತಿ. ನಾ ಅವ್ರಿಗಿ ಮಗಳೂ ಅಲ್ಲ, ಸೊಸೀನೂ ಅಲ್ಲ.”

ಇದು ನಮ್ಮ ಸೀಮೆಯವಳೊಬ್ಬಳಿಗೇ ಹೊಳೆಯಬಹುದಾದ ಕಾರಣ. ಬೇರೆ ಯಾರಾದರೂ ಆಗಿದ್ದರೆ ಇಲಿ ಎನ್ನುತ್ತಿದ್ದರು, ಮನೆಯ ಮಕ್ಕಳನ್ನು ಹಿಡಿದು ಕೇಳುತ್ತಿದ್ದರು. ಚಿಗವ್ವ ಮಾತ್ರ ಜಮಖಾನೆಯ ಕಟ್ಟಳೆಯನ್ನು ತಂದು ಗಾರ್ಡ್‌ಬಾಯಿಯ ಮೇಲೆ ಹೊದಿಸಿದಳು. ಬೈಯಲಿಲ್ಲ, ದೂರಲಿಲ್ಲ. ನೊಂದುಕೊಂಡಳು. ವರ್ಷಾ ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಗಾರ್ಡ್‌ಬಾಯಿಯಿಂದ ಒಂದು ಕಾರ್ಡು ಬರುತ್ತಿತ್ತು, ಚಿಗವ್ವ ನನ್ನ ಕೈಯಿಂದ ಉತ್ತರ ಬರೆಸುತ್ತಿದ್ದಳು. ಆ ವರ್ಷ ಬರೆಸಲಿಲ್ಲ. ಮುಂದಿನ ವರ್ಷವೂ ಬರೆಸಲಿಲ್ಲ. ಆಮೇಲೆ ಕಾರ್ಡು ಬರುವುದು ನಿಂತಿತು.

ಬಾಯಿಬಿಟ್ಟು ಹೇಳಲು ನನಗೆ ಅವತ್ತೇ ಅವಕಾಶವಿತ್ತು. ಹೇಳಲಿಲ್ಲ. ಹೆದರಿಕೆಯಿಂದ ಎಂದರೆ ಅರ್ಧ ಸತ್ಯ. ಬೇರೆ ಯಾರೋ ಸಿಕ್ಕಿಬಿದ್ದರಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ ಎನ್ನುವುದು ಉಳಿದರ್ಧ.

ಅರ್ಧಕ್ಕೆ ನಿಂತ ಅಂಗಿಯನ್ನು ಚಿಗವ್ವ ತನಗೆ ತಿಳಿದಂತೆ ಮುಗಿಸಿದಳು. ಆಕೆಗೆ ಗೊತ್ತಿದ್ದ ಕೊರಳು ಒಂದೇ, ಕುಬಸದ್ದು. ಸೂಜಿಯ ಮೇಲಿನ ಪ್ರತಿ ಕುಣಿಕೆಗೆ ಆಕೆ ಮನಿ ಎನ್ನುತ್ತಾಳೆ. ಎದೆಯ ಭಾಗದ ಮನೆಗಳನ್ನು ನಡುವೆ ಎರಡಾಗಿ ಒಡೆದು, ಎರಡೂ ಕಡೆ ಒಂದೊಂದೇ ಮನೆ ಕಳೆಯುತ್ತ ಹೋಗಿ, ಕೊನೆಯಲ್ಲಿ ಮೂರು ಮನೆ ಉಳಿಸಿ ಅದನ್ನೇ ಹುರಿಯಂತೆ ಉದ್ದಕ್ಕೆ ಹೆಣೆದು ಕಸೆ ಮಾಡಿದಳು. ಊರ ಹೆಂಗಸರು ನೋಡಿದರು, ಮುಟ್ಟಿದರು, ಒಬ್ಬಳು ತೊಟ್ಟೂ ನೋಡಿದಳು. ಕಡಲೆ ಹೊಲದ ಬೆಳಗಿನ ಗಾಳಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ತೀರ್ಮಾನವಾಯಿತು. ಮುಂದಿನ ವರ್ಷ ಹತ್ತು ಮಂದಿ ಕಲಿಯಲು ಬಂದರು.

ಚಿಗವ್ವ ಎಲ್ಲರಿಗೂ ಕಲಿಸಿದಳು, ಕಂಕುಳದವರೆಗೆ. ಕೊರಳಿನ ಹತ್ತಿರ ಬಂದ ಕೂಡಲೇ “ತಾ ಇಲ್ಲೆ, ಕೊಳ್ಳ ನಾ ಮುಗಸತೀನಿ” ಎಂದು ಇಸಿದುಕೊಂಡು ಒಳಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಮರುದಿನ ಮುಗಿದ ಕುಬಸ ಕೈಗೆ ಬರುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ. ನಮ್ಮ ಸೀಮೆಯಲ್ಲಿ ಅದು ನ್ಯಾಯವಾಗಿಯೇ ಕಂಡಿತು. ನನಗೂ ಅಷ್ಟೇ. ಈ ಐವತ್ತು ವರ್ಷದಲ್ಲಿ ನಾನು ಆರು ದೊರೆಸಾನಿ ಕುಬಸ ಹೆಣೆದಿದ್ದೇನೆ, ಆರರ ಕೊರಳೂ ಚಿಗವ್ವನದೇ. ಕದದ ಆಚೆ ಕೂತು ಸೂಜಿಯ ಟಿಕ್ ಟಿಕ್ ಕೇಳುವಾಗಲೆಲ್ಲ ಆ ಕದವನ್ನು ಹಾಕಿದವಳು ನಾನೇ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಹೇಳಬೇಕೆಂದು ನಾಲ್ಕೈದು ಸಲ ಹೊರಟೆ. ನನ್ನ ಮದುವೆಯಲ್ಲಿ ಆಕೆ ಉಡಿ ತುಂಬುವಾಗ ಬಾಯಿಗೆ ಬಂದಿತ್ತು, ವಾಲಗದ ಗದ್ದಲದಲ್ಲಿ ನುಂಗಿದೆ. ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡಾಗ ಇದು ಹೊತ್ತಲ್ಲ ಎನಿಸಿತು. ನವಲಗುಂದದ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ, ಗ್ರಂಥಾಲಯದ ಪುಸ್ತಕದ ಹಾಳೆ ಹರಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆಗೆಲ್ಲ ನನ್ನ ಧ್ವನಿ ಅಗತ್ಯಕ್ಕಿಂತ ಹೆಚ್ಚು ಏರುತ್ತಿತ್ತು. ಆ ಹುಡುಗಿಯರು ಈಗ ಇದನ್ನು ಓದಿದರೆ ನಗಲಿ, ನನ್ನ ಅಭ್ಯಂತರವಿಲ್ಲ.

ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ಫೋನಿನಲ್ಲಿ ಹಳೆಯ ಹೆಣಿಕೆಯ ನಮೂನೆಗಳ ಒಂದು ಗುಂಪಿಗೆ ಸೇರಿದೆ. ಯಾವ್ಯಾವುದೋ ದೇಶದ ಅಜ್ಜಿಯರು ತಮ್ಮ ಅಟ್ಟದ ಪತ್ರಿಕೆಗಳ ಫೋಟೋ ಹಾಕುತ್ತಾರೆ. ಹೋದ ತಿಂಗಳು ಒಂದು ಮಧ್ಯಾಹ್ನ ರೊಟ್ಟಿ ಉಂಡು ಅಡ್ಡಾಗಿ ಫೋನು ಸರಿಸುತ್ತಿದ್ದೆ. ತೋಟದ ಗೇಟು, ಆರು ಗುಂಡಿ, ಅದೇ ನಗೆ. ಎದ್ದು ಕೂತೆ. ಆ ಪುಟದ ಹಿಂಬದಿಯನ್ನೂ ಕಳಿಸಬಹುದೇ ಎಂದು ಕೇಳಿದೆ. ಗುರುತಿಲ್ಲದ ಆ ತಾಯಿ ಅರ್ಧ ತಾಸಿನಲ್ಲಿ ಎರಡೂ ಬದಿ ಕಳಿಸಿದಳು, ಜೊತೆಗೊಂದು ಹೂವಿನ ಚಿತ್ರ. ಐವತ್ತು ವರ್ಷ ಸಿಗದೆ ಹೋದದ್ದು ಅಷ್ಟು ಸುಲಭವಾಗಿ ಸಿಕ್ಕಿತು.

ಅದಕ್ಕೂ ಎಂಟು ದಿನ ಮೊದಲು ಚಿಗವ್ವ ಫೋನಿನಲ್ಲಿ ಹೇಳಿದ್ದಳು. “ಕೈಬೆರಳಿನ ಗಂಟೆಲ್ಲಾ ಹಿಡಕೊಂಡಾವ. ಮೂರು ಕೊಳ್ಳ ಉಳದಾವ, ಅವನ್ನ ಮುಗಿಸಿ ಸೂಜಿ ಇಟ್ಟಬಿಡತೀನಿ.” ಆಮೇಲೆ ಯಾರು ಹಾಕುತ್ತಾರೆ ಎಂದು ಕೇಳಿದ್ದಕ್ಕೆ “ಅಂಗಡ್ಯಾಗ ಸ್ವೆಟರ್ ಸಿಗತಾವಲ್ಲ” ಎಂದು ಮಾತು ಮುಗಿಸಿದ್ದಳು. ಇನ್ನು ಸುಮ್ಮನಿದ್ದರೆ ನನ್ನ ಕತ್ತರಿ ಎರಡನೆಯ ಸಲವೂ ಕೆಲಸ ಮಾಡಿದಂತೆ.

ಝೆರಾಕ್ಸ್ ಅಂಗಡಿಯಲ್ಲಿ ಎರಡು ಪುಟವನ್ನೂ ದೊಡ್ಡದು ಮಾಡಿಸಿದೆ. ಅಂಗಡಿಯಾತ ಕೆ, ಪಿ ಸಾಲುಗಳನ್ನು ನೋಡಿ “ಇದ್ಯಾವ ಪರೀಕ್ಷಾದ್ರಿ ಬಾಯಾರ?” ಎಂದು ಕೇಳಿದ. ನನ್ನದೇ ಪರೀಕ್ಷೆ ಎಂದೆ. ಮರುದಿನ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಯರಗುಪ್ಪಿಗೆ ಹೊರಟೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದೆಂದು ವಾಕ್ಯ ಕಟ್ಟಿದೆ, ಕೆಡವಿದೆ. ಆಕೆ ಸಿಟ್ಟಾದರೆ ತಡೆದುಕೊಳ್ಳಬಹುದಿತ್ತು. ಬೇಸರದಿಂದ ಮಾತು ಬಿಟ್ಟರೆ ಏನು ಮಾಡಲಿ? ಎಪ್ಪತ್ತೈದು ದಾಟಿದವಳು, ನನಗೆ ತಾಯಿಯ ಕಡೆಯವರೆಂದು ಉಳಿದವಳು ಆಕೆಯೊಬ್ಬಳೇ.

ಚಿಗವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದ ಬುಟ್ಟಿಯಲ್ಲಿ ಕೊರಳಿಲ್ಲದ ಮೂರು ಕುಬಸ, ಎರಡು ಓಣಿಯ ಹುಡುಗಿಯರಿಬ್ಬರು ಹೆಣೆದವು, ಒಂದು ಚಿಗವ್ವನದೇ. ಚಹಾ ಆಯಿತು, ಚುರಮುರಿ ಆಯಿತು, ಊರ ಸುದ್ದಿ ಆಯಿತು. ನಾನು ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಸುಮ್ಮನೆ ಕಾಗದ ತೆಗೆದು ಆಕೆಯ ತೊಡೆಯ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದಳು. ಬೆರಳು ಕೆ, ಪಿ ಸಾಲಿನ ಮೇಲೆ ಮೆಲ್ಲಗೆ ಓಡಿ, ಒಂದು ಕಡೆ ನಿಂತಿತು.

“ಇದು ಕಡೀ ಪುಸ್ತಕದ್ದು” ಎಂದಳು. “ನಿನಗ ಎಲ್ಲೆ ಸಿಕ್ಕಿತು?”

“ಅದನ್ನ ಆವತ್ತ ಕತ್ರಿಸಿದಾಕಿ ನಾನ, ಚಿಗವ್ವ” ಎಂದೆ. “ಗಾರ್ಡ್‌ಬಾಯಿ ಅಲ್ಲ. ಈ ಚಿತ್ರ ಬೇಕನಿಸ್ತು, ಕತ್ರಿಸಿಕೊಂಡೆ. ಹೇಳಾಕ ಹೆದರಿದೆ.”

ಆಕೆಯ ಬೆರಳು ಚಿತ್ರದ ಸುತ್ತ ಚೌಕವಾಗಿ ಒಂದು ಸುತ್ತು ಬಂದಿತು. ಹೊರಗೆ ಯಾರೋ ಎಮ್ಮೆಗೆ ನೀರು ಕುಡಿಸುತ್ತಿದ್ದರು.

“ಯಾವ ಕತ್ರೀಲೆ?” ಎಂದಳು ಕೊನೆಗೆ.

“ಗುಂಡೀಮನಿ ಕತ್ರೀಲೆ.”

“ಅದಕ್ಕ ಅಷ್ಟ ನೀಟಾಗಿತ್ತು.” ಆಮೇಲೆ ಕೇಳಿದಳು. “ಹಂಗಾರ ಬಾಯಾರು ನನಗ ಪೂರ್ತಿನ ಕೊಟ್ಟಿದ್ರು?”

“ಪೂರ್ತಿ ಕೊಟ್ಟಿದ್ರು.”

“ಏನೂ ಹಿಂದ ಇಟಗೊಂಡಿದ್ದಿಲ್ಲ?”

“ಏನೂ ಇಟಗೊಂಡಿದ್ದಿಲ್ಲ, ಚಿಗವ್ವ.”

ಚಿಗವ್ವ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುತ್ತಿದ್ದಳು, ಆದರೆ ಮುಖ ಹಗುರಾಗಿತ್ತು. ಅಂಥ ಮುಖವನ್ನು ನಾನು ಅಳ್ನಾವರದ ಮಾತು ಬಂದಾಗ ಎಂದೂ ಕಂಡಿರಲಿಲ್ಲ. “ನಾ ಎರಡ ಕಾರ್ಡಿಗಿ ಉತ್ತರಾ ಬರೀಲಿಲ್ಲ” ಎಂದಳು. “ಇರಲಿ. ಪೂರ್ತಿ ಕೊಟ್ಟಿದ್ರಲ್ಲ.” ಅದನ್ನೇ ಮತ್ತೆರಡು ಸಲ ಹೇಳಿಕೊಂಡಳು. ನನ್ನ ಎದೆಯೊಳಗೆ ಐವತ್ತು ವರ್ಷದಿಂದ ಕೂತಿದ್ದ ಒಂಬತ್ತು ವರ್ಷದ ಹುಡುಗಿ ಕೊನೆಗೂ ಎದ್ದು ಆಟಕ್ಕೆ ಹೋದಳು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಅಷ್ಟರಲ್ಲಿ ನನ್ನ ತಲೆಯ ಮೇಲೆ ಒಂದು ಬಿತ್ತು, ಜೋರಾಗಿಯೇ. “ಲೇ ಕಳ್ಳಿ, ಇಷ್ಟ ವರ್ಷ ಬಾಯಿ ಮುಚ್ಚಿಕೊಂಡ ಕುಂತಿದ್ದೆಲ್ಲ. ಆರ ಕುಬಸ ನನ್ನ ಕಡಿಂದ ಮುಗಿಸಿಕೊಂಡಿ.” ಆ ಏಟು ಹನ್ನೊಂದನೆಯ ವಯಸ್ಸಿನಲ್ಲೇ ಬೀಳಬೇಕಾಗಿತ್ತು. ತಡವಾಗಿ ಬಂದರೂ ನನಗೆ ಬೇಕೇ ಆಗಿತ್ತು ಅದು.

ಆಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಬೆನ್ನಿನ ಆರು ಗುಂಡಿಗಳನ್ನು ಬೆರಳಿನಿಂದ ಎಣಿಸಿದಳು. “ಹಿಂದ ಗುಂಡಿ? ಇಕಿಗಿ ಹಾಕಿ ಕೊಡವರು ಯಾರು? ನಸಿಕಿನಾಗ ಎದ್ದು ಹೊಲಕ್ಕ ಹೋಗಾಕಿ ಗುಂಡಿ ಹಾಕಸಿಕೊಳ್ಳಾಕ ಯಾರನ್ನ ಎಬ್ಬಸಬೇಕು?” ತುಸು ಯೋಚಿಸಿ ಹೇಳಿದಳು. “ಕೂಸಿಗಿ ಮೊಲಿ ಕುಡಸಾಕೂ ಬರೂದಿಲ್ಲ ಇದು. ನಮ್ದ ಚಲೋ ಐತಿ ಬಿಡು.” ಕಾಗದವನ್ನು ಮಡಚಿ ಕುಬಸದ ಬುಟ್ಟಿಯ ತಳಕ್ಕೆ ಹಾಕಿದಳು.

ಮೂರು ಕುಬಸಗಳಲ್ಲಿ ದಾಳಿಂಬೆ ಬಣ್ಣದ್ದನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ನಾನು ಅಭ್ಯಾಸದಂತೆ ಪಡಸಾಲೆಯಲ್ಲೇ ಕೂತೆ. ಕದ ಹಾಕುವ ಸಪ್ಪಳಕ್ಕೆ ಕಾದೆ, ಅದು ಬರಲಿಲ್ಲ.

“ಅಲ್ಲೇನ ಕುಂತಿ, ಒಳಗ ಬಾ” ಎಂದು ಕೂಗಿದಳು ಚಿಗವ್ವ. “ಓಣ್ಯಾಗಿನ ಆ ಇಬ್ಬರು ಹುಡಿಗ್ಯಾರನ್ನೂ ಕರಿ, ಅವ್ರ ಕೊಳ್ಳ ಅವ್ರ ಹಾಕ್ಕೊಳ್ಳಲಿ. ಬರಬೇಕಾದ್ರ ಆ ಕದಕ್ಕ ಕಲ್ಲ ಕೊಟ್ಟ ಬಾ, ಗಾಳಿಗಿ ಮುಚ್ಚತೈತಿ.”

ನಾನು ಹುಡುಗಿಯರನ್ನು ಕರೆತಂದೆ, ಕದಕ್ಕೆ ಒರಳುಕಲ್ಲಿನ ಗುಂಡು ಕೊಟ್ಟೆ, ಆಕೆಯ ಪಕ್ಕ ನೆಲದ ಮೇಲೆ ಕೂತು, ಆಕೆ ಕೈಗಿತ್ತ ದಾಳಿಂಬೆ ಕುಬಸದ ಎದೆಯ ಮನೆಗಳನ್ನು ನಡುವೆ ಎರಡಾಗಿ ಒಡೆದೆ.